ಖಾತೆಯ ಕೊಡುಗೆ, ಕೊಡುಗೆಯ ಕಟ್ಟಳೆ

ಉಳಿತಾಯ ಖಾತೆಯಲ್ಲಿ ಹಣವಿಟ್ಟವರಿಗೆ ಬಡ್ಡಿಯಲ್ಲದೆ ಬೇರೆ ಕೊಡುಗೆಗಳೂ ಉಂಟೆಂದು ಬ್ಯಾಂಕುಗಳು ಸಾರುತ್ತಿರುವ ಈ ಕಾಲದಲ್ಲಿ, ಆ ಕೊಡುಗೆಗಳ ಬೆನ್ನಿಗೆ ಬರತಕ್ಕ ಕಟ್ಟಳೆಗಳನ್ನು ನಡೆಸಿಕೊಡುವ ಶ್ರಮ ಸಾರ್ಥಕವೆ ಎಂಬ ಪ್ರಶ್ನೆಯನ್ನು ತಿಂಗಳ ಸಂಬಳದವರ ದೃಷ್ಟಿಯಿಂದ ವಿಚಾರಮಾಡಿದವರು ಅನೇಕರಿದ್ದಾರೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕೈಯಲ್ಲಿ ಹಣ ಕಾಣುವ ಬೇಸಾಯಗಾರರ ದೃಷ್ಟಿಯಿಂದ ವಿಚಾರಮಾಡಿದವರು ವಿರಳ. ಮೈಸೂರು ಜಿಲ್ಲೆಯಲ್ಲಿ ಲಕ್ಷ್ಮಣತೀರ್ಥ ಹೊಳೆಯ ಅಣೆಕಟ್ಟಿನ ನೀರುಣ್ಣುವ ಹನಗೋಡಿನ ಗದ್ದೆಬಯಲು, ಅದರಾಚೆಗೆ ನಾಗರಹೊಳೆಯ ಕಾಡಂಚಿನವರೆಗೆ ಹಬ್ಬಿದ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಹದಮಾಡುವ ಪಿರಿಯಾಪಟ್ಟಣದ ಬ್ಯಾರನ್ನುಗಳು, ಕೃಷ್ಣರಾಜನಗರದ ಭತ್ತ, ಹೆಗ್ಗಡದೇವನಕೋಟೆಯ ಹತ್ತಿ, ಇವೆಲ್ಲವುಗಳ ಲೆಕ್ಕವೂ ಋತುಮಾನದ ಲೆಕ್ಕವೇ ಹೊರತು ತಿಂಗಳ ಲೆಕ್ಕವಲ್ಲ. ಮುಂಗಾರಿನ ಮೊದಲ ಮಳೆಗೆ ಸಸಿ ನಾಟಿಮಾಡಿ, ಜುಲೈಯಿಂದ ಎಲೆ ಮುರಿದು ಬ್ಯಾರನ್ನಿಗೆ ಏರಿಸಿ, ಹದವಾದ ಸೊಪ್ಪನ್ನು ದರ್ಜೆವಾರು ವಿಂಗಡಿಸಿ ಬೇಲು ಕಟ್ಟಿ, ಹರಾಜು ಮಾರುಕಟ್ಟೆ ತೆರೆಯುವುದನ್ನೇ ಕಾದಿರುವ ಕುಟುಂಬಕ್ಕೆ, ‘ಪ್ರತಿ ತಿಂಗಳೂ ಖಾತೆಯಲ್ಲಿ ಸರಾಸರಿ ಇಷ್ಟು ಹಣವಿರತಕ್ಕದ್ದು’ ಎಂಬ ಒಂದೇ ಒಂದು ವಾಕ್ಯವು ನಗರವಾಸಿಗೆ ಉಂಟುಮಾಡದಂಥ ಕಷ್ಟವನ್ನು ಉಂಟುಮಾಡುತ್ತದೆ.

ಈ ಸೀಮೆಯಲ್ಲಿ ಬ್ಯಾಂಕಿನ ಖಾತೆ ಐಚ್ಛಿಕವಾದ ವಸ್ತುವೂ ಅಲ್ಲ. 1975ರ ಶಾಸನದಂತೆ ಸ್ಥಾಪಿತವಾದ ತಂಬಾಕು ಮಂಡಳಿಯು 1984ರಲ್ಲಿ ಹರಾಜುಗಳನ್ನು ಪ್ರಾರಂಭಿಸಿದ ಮೇಲೆ, ಸೊಪ್ಪಿನ ಮಾರಾಟವು ವ್ಯಾಪಾರಿಯ ಅಂಗಳದಿಂದ ಮಂಡಳಿಯ ಕಟ್ಟೆಗೆ ಬಂದಿತು. ಈಗ ಹುಣಸೂರು, ಚಿಲ್ಕುಂದ, ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಹೆಗ್ಗಡದೇವನಕೋಟೆ ಮೊದಲಾದ ಕಟ್ಟೆಗಳಲ್ಲಿ ಮಾರಿದ ಬೇಲಿನ ಹಣ, ಬ್ಯಾಂಕಿನ ಸಾಲದ ಪಾಲು ಕಡಿತವಾಗಿ, ಉಳಿದಷ್ಟು ಬೆಳೆಗಾರನ ಖಾತೆಗೆ ಸೇರುತ್ತದೆ. ಸರ್ಕಾರದ ಸಹಾಯಧನ ಖಾತೆಗೆ, ಉದ್ಯೋಗ ಖಾತರಿಯ ಕೂಲಿ ಖಾತೆಗೆ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಚಾಲನೆಗೊಂಡ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ. ಬೇಡವೆಂದು ಬಿಟ್ಟು ನಡೆಯಲಾರದಂಥ ವಸ್ತುವಿನ ಮೇಲೆ ವಿಧಿಸುವ ಕಟ್ಟಳೆಗೂ, ಬೇಕಾದವರು ಮಾತ್ರ ಕೊಳ್ಳುವ ವಸ್ತುವಿನ ಮೇಲೆ ವಿಧಿಸುವ ಕಟ್ಟಳೆಗೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕವಿರದು.

ಕೊಡುಗೆ ಮತ್ತು ಕಟ್ಟಳೆ ಎರಡೂ ಹೊಸವಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ನೆನೆಯಬೇಕು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ನಿಯತವಾಗಿ ಕಟ್ಟತಕ್ಕದ್ದು ಎಂಬುದು ಅದರ ಕಟ್ಟಳೆ. ಅವಧಿ ತುಂಬಿದಾಗ ಬಡ್ಡಿಯೊಡನೆ ಗಂಟು ಕೈಸೇರುವುದು ಅದರ ಫಲ. ಆದರೆ ಆ ಕಟ್ಟಳೆಯನ್ನು ನಡೆಸಿಕೊಡುವ ಶ್ರಮದ ಬಹುಭಾಗವನ್ನು ಬ್ಯಾಂಕೇ ಹೊತ್ತಿತ್ತು: ಪಿಗ್ಮಿ ಸಂಗ್ರಾಹಕನು ದಿನದಿನವೂ ಅಂಗಡಿಯ ಬಾಗಿಲಿಗೆ, ನೇಯ್ಗೆಯವನ ಮಗ್ಗದ ಬಳಿಗೆ ತಾನೇ ಬಂದು ಹಣ ಪಡೆದು ಚೀಟಿ ಕೊಟ್ಟು ಹೋಗುತ್ತಿದ್ದನು. ಮರೆತವನಿಗೆ ನೆನಪುಮಾಡುವವನೂ, ನಿಯಮವನ್ನು ಅವನ ಭಾಷೆಯಲ್ಲಿಯೇ ವಿವರಿಸುವವನೂ ಆತನೇ. ಇಂದಿನ ಕೊಡುಗೆಗಳನ್ನು ಆ ಹಳೆಯ ಪದ್ಧತಿಯೊಡನೆ ಹೋಲಿಸಿದಾಗ ನನಗೆ ಮುಖ್ಯವಾಗಿ ತೋರುವ ವ್ಯತ್ಯಾಸ ಇದೇ. ಕಟ್ಟಳೆಯ ಭಾರವು ಬ್ಯಾಂಕಿನ ಹೆಗಲಿನಿಂದ ಗ್ರಾಹಕನ ಹೆಗಲಿಗೆ ಮೆಲ್ಲಮೆಲ್ಲನೆ ಜಾರಿದೆ.

ಬಡ್ಡಿಯ ವಿಷಯದಲ್ಲಿಯೂ ಹಿಂದೆ ಒಂದು ಕಟ್ಟಳೆಯಿತ್ತು. ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತ್ಯಂತ ಕಡಿಮೆಯಾಗಿ ಎಷ್ಟು ಹಣವಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ ಎಂಬ ನಿಯಮವಿದ್ದುದರಿಂದ, 11ರಂದು ಕಟ್ಟಿದ ಹಣಕ್ಕೂ 29ರಂದು ತೆಗೆದ ಹಣಕ್ಕೂ ಬಡ್ಡಿಯ ಸೋಂಕೇ ಇರುತ್ತಿರಲಿಲ್ಲ. 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಬಡ್ಡಿ ಕಟ್ಟಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಕಟ್ಟಳೆಯೊಂದು ಗ್ರಾಹಕನ ಹಿತಕ್ಕಾಗಿ ಬದಲಾದ ಅಪರೂಪದ ಸಂದರ್ಭ ಅದು. ಮರುವರ್ಷ, 2011ರ ಅಕ್ಟೋಬರ್ 25ರಂದು, ಉಳಿತಾಯ ಖಾತೆಯ ಬಡ್ಡಿದರವನ್ನು ಆಯಾ ಬ್ಯಾಂಕೇ ನಿಶ್ಚಯಿಸಿಕೊಳ್ಳಬಹುದೆಂದಾಯಿತು. ಆ ಹೊತ್ತಿಗೆ ಎಲ್ಲ ಬ್ಯಾಂಕುಗಳೂ ಕೊಡುತ್ತಿದ್ದುದು ಒಂದೇ ದರ, ಶೇಕಡಾ 4. ಸ್ಪರ್ಧೆಯಿಂದ ದರ ಏರೀತೆಂದು ಹಲವರು ನಿರೀಕ್ಷಿಸಿದರು. ಕೆಲವು ಖಾಸಗಿ ಬ್ಯಾಂಕುಗಳಲ್ಲಿ, ಬಳಿಕ ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ಏರಿತೂ ಹೌದು. ಆದರೆ ಹಳ್ಳಿಗಳಿಗೆ ಹತ್ತಿರವಾದ ಸಾರ್ವಜನಿಕ ಬ್ಯಾಂಕುಗಳಲ್ಲಿ ಅದು ಇಳಿಯಿತು: ಸ್ಟೇಟ್ ಬ್ಯಾಂಕಿನ ದರ 2017ರಲ್ಲಿ 3.5ಕ್ಕೂ, 2020ರಲ್ಲಿ 2.7ಕ್ಕೂ, 2025ರ ಜೂನ್ ತಿಂಗಳಲ್ಲಿ 2.5ಕ್ಕೂ ಬಂದು ನಿಂತಿದೆ. ಬಡ್ಡಿ ಸೊರಗಿದಷ್ಟೂ ಕೊಡುಗೆಗಳ ಮಾತು ಹೆಚ್ಚಾದುದು ಆಕಸ್ಮಿಕವಲ್ಲ.

ಕನಿಷ್ಠ ಬಾಕಿಯ ಚರಿತ್ರೆಯಾದರೋ ಇನ್ನೂ ಬೋಧಪ್ರದ. 1913ರಲ್ಲಿ, ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ನೂರು ವರ್ಷಗಳಿಗೂ ಮೇಲ್ಪಟ್ಟು ಈ ಪ್ರಾಂತದ ಜನರ ಬಾಯಲ್ಲಿ ‘ನಮ್ಮ ಬ್ಯಾಂಕು’ ಆಗಿದ್ದು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಸ್ಟೇಟ್ ಬ್ಯಾಂಕು ತಾನು 2012ರಲ್ಲಿ ಕೈಬಿಟ್ಟಿದ್ದ ಕನಿಷ್ಠ ಬಾಕಿಯ ದಂಡವನ್ನು ಮತ್ತೆ ಜಾರಿಗೆ ತಂದುದೂ ಅದೇ ಏಪ್ರಿಲ್ 1ರಂದೇ: ಮಹಾನಗರದಲ್ಲಿ 5,000, ಪಟ್ಟಣದಲ್ಲಿ 3,000, ಅರೆಪಟ್ಟಣದಲ್ಲಿ 2,000, ಹಳ್ಳಿಯಲ್ಲಿ 1,000 ರೂಪಾಯಿ. ಪಾಸ್‌ಪುಸ್ತಕದ ಮೇಲಿನ ಹೆಸರೂ ಒಳಗಿನ ನಿಯಮವೂ ಒಂದೇ ಬೆಳಗಿನಲ್ಲಿ ಬದಲಾದವು. ಆ ಏಪ್ರಿಲ್‌ನಿಂದ ನವೆಂಬರಿನವರೆಗಿನ ಎಂಟು ತಿಂಗಳಲ್ಲಿ ಈ ದಂಡದಿಂದ ಬ್ಯಾಂಕಿಗೆ ಸಂದ ಮೊತ್ತ 1,771 ಕೋಟಿ ರೂಪಾಯಿ. ಈ ಹಣವನ್ನು ತೆತ್ತವರು ಖಾತೆಯಲ್ಲಿ ಹಣ ಹೆಚ್ಚಾಗಿದ್ದವರಲ್ಲ, ಇಲ್ಲದವರು ಎಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಜನರ ಅಸಮಾಧಾನದಿಂದಾಗಿ ದಂಡವು ಮೊದಲು ಇಳಿದು, 2020ರ ಮಾರ್ಚ್ ತಿಂಗಳಲ್ಲಿ ಪೂರ್ತಿಯಾಗಿ ನಿಂತಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಇದನ್ನು ರದ್ದುಮಾಡಿತು. ಬೇರೆ ಕೆಲವು ಸಾರ್ವಜನಿಕ ಬ್ಯಾಂಕುಗಳು ಅದನ್ನು ಅನುಸರಿಸಿದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಐಸಿಐಸಿಐ ಬ್ಯಾಂಕು ಹೊಸ ಖಾತೆಗಳಿಗೆ ನಗರದಲ್ಲಿ 50,000, ಹಳ್ಳಿಯಲ್ಲಿ 10,000 ರೂಪಾಯಿಯ ಸರಾಸರಿ ಬಾಕಿಯನ್ನು ವಿಧಿಸಿ, ಎರಡು ವಾರ ಕಳೆಯುವುದರೊಳಗೆ ಅದನ್ನು 15,000 ಮತ್ತು 2,500ಕ್ಕೆ ಇಳಿಸಿತು. ಇಷ್ಟು ಶೀಘ್ರವಾಗಿ ಏರಿಳಿಯುವ ಕಟ್ಟಳೆಯನ್ನು ನಂಬಿ ಒಂದು ಕುಟುಂಬವು ತನ್ನ ವರ್ಷದ ಹಣಕಾಸನ್ನು ಹೇಗೆ ಯೋಜಿಸಬಲ್ಲದು?

ಬ್ಯಾಂಕುಗಳ ವಿಲೀನವೂ ಈ ಚಾಂಚಲ್ಯವನ್ನು ಹೆಚ್ಚಿಸಿದೆ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿಗೂ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಮೈಸೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಬಳ್ಳಾರಿಯ ಪ್ರಗತಿ ಕೃಷ್ಣಾ ಬ್ಯಾಂಕಿನೊಡನೆ ಕೂಡಿ, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಒಳಗೊಂಡು, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಖಾತೆದಾರನು ಒಂದು ಹೆಜ್ಜೆಯನ್ನೂ ಇಡದಿದ್ದರೂ ಅವನ ಐಎಫ್‌ಎಸ್‌ಸಿ ಸಂಖ್ಯೆ, ಚೆಕ್ಕಿನ ಪುಸ್ತಕ, ಸೇವಾಶುಲ್ಕದ ಪಟ್ಟಿ ಎಲ್ಲವೂ ಬೇರೆಯಾದವು.

ಇನ್ನು ಈಗಿನ ಕೊಡುಗೆಗಳ ಮಾತು. ಕಾರ್ಡು ಉಜ್ಜಿದರೆ ಅಂಕಗಳು, ಫೋನಿನಲ್ಲಿ ಹಣ ಕಳಿಸಿದರೆ ಕ್ಯಾಶ್‌ಬ್ಯಾಕ್, ಮೂರು ತಿಂಗಳಲ್ಲಿ ಇಷ್ಟು ವ್ಯಯಮಾಡಿದರೆ ವಿಮಾನ ನಿಲ್ದಾಣದಲ್ಲಿ ವಿಶ್ರಾಂತಿ, ಲಕ್ಷಗಳ ಮೇಲಿನ ಬಾಕಿಗೆ ಹೆಚ್ಚಿನ ಬಡ್ಡಿ. ಇವುಗಳ ಸ್ವರೂಪವನ್ನು ಬಹಳ ವಿಸ್ತರಿಸಬೇಕಾದುದಿಲ್ಲ. ಠೇವಣಿಯ ಆಸೆಗಾಗಿ ಬ್ಯಾಂಕುಗಳು ಲಾಟರಿ, ಬಹುಮಾನ, ಉಚಿತ ಪ್ರವಾಸಗಳನ್ನು ಒಡ್ಡಬಾರದೆಂದೂ, ಕೊಟ್ಟರೆ 250 ರೂಪಾಯಿಗೆ ಮೀರದ ಸಣ್ಣ ಉಡುಗೊರೆಯನ್ನು ಮಾತ್ರ ಕೊಡಬಹುದೆಂದೂ ರಿಸರ್ವ್ ಬ್ಯಾಂಕಿನ ನಿರ್ಬಂಧವಿದೆ. ಠೇವಣಿದಾರನನ್ನು ಸೆಳೆಯಬೇಕಾದುದು ಬಡ್ಡಿಯಿಂದ ಮತ್ತು ಸೇವೆಯಿಂದ ಎಂಬ ವಿವೇಕ ಅದರ ಹಿಂದಿದೆ. ಲೆಕ್ಕವನ್ನೇ ಹಾಕಿ ನೋಡೋಣ. 10,000 ರೂಪಾಯಿಯನ್ನು ಇಡೀ ವರ್ಷ ಅಲುಗಿಸದೆ ಇಟ್ಟರೆ ಶೇಕಡಾ 2.5 ದರದಲ್ಲಿ ಬರುವುದು 250 ರೂಪಾಯಿ, ಶೇಕಡಾ 4 ದರದಲ್ಲಿ 400, ಅಂತರ 150. ಹರಾಜಿನಿಂದ ಬಂದ 2 ಲಕ್ಷವನ್ನು ಎರಡು ತಿಂಗಳು ಇಟ್ಟರೂ ಆ ಎರಡು ದರಗಳ ನಡುವಣ ಅಂತರ 500 ರೂಪಾಯಿ. ಕಾಡಂಚಿನ ಹಳ್ಳಿಯಿಂದ ಹುಣಸೂರಿಗೆ ಬಂದು, ಅರ್ಜಿ ತುಂಬಿ, ಆಧಾರ್ ಜೆರಾಕ್ಸ್ ಕೊಟ್ಟು, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನಿಸಿಕೊಂಡು ಹಿಂತಿರುಗಿದವರಿಗೆ ಎರಡು ದಿನದ ಕೂಲಿ ಹೋಯಿತು. ಅಲ್ಲಿಗೆ ಆ ಲಾಭವೂ ಮುಗಿಯಿತು. ಮುಂದಿನ ತ್ರೈಮಾಸಿಕದಲ್ಲಿ ದರ ಬದಲಾದರೆ ಪುನಃ ಅದೇ ಅಲೆದಾಟ. ಇಂಥ ಕೊಡುಗೆಗಳ ಬೆನ್ನು ಹತ್ತುವುದು ಈ ಸೀಮೆಯ ಕುಟುಂಬಕ್ಕೆ ನಷ್ಟವೇ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಷ್ಟವು ಸಮಯದ್ದು ಮಾತ್ರವೂ ಅಲ್ಲ. ಸಂತೆಯ ದಿನ ಯಾರೋ ಬಂದು, ‘ಹೊಸ ಖಾತೆ ಮಾಡಿಸಿ, ಸೊನ್ನೆ ಬಾಕಿ, ಮೇಲೆ ಇನ್ನೂರು ರೂಪಾಯಿ’ ಎಂದು ಹೆಬ್ಬೆಟ್ಟು ಪಡೆದು ಹೋಗುತ್ತಾರೆ. ಸರ್ಕಾರದಿಂದ ನೇರವಾಗಿ ಬರತಕ್ಕ ಹಣವು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆಂಬುದು ಅವರು ಹೇಳದೆ ಬಿಡುವ ಸಂಗತಿ. ಹೊಸ ಖಾತೆಯನ್ನು ತೆರೆಯುವಾಗ ಅರ್ಜಿಯ ಯಾವುದೋ ಮೂಲೆಯ ಒಂದು ಚೌಕದಲ್ಲಿ ಗುರುತು ಬಿದ್ದರೆ ಸಾಕು, ಗೃಹಲಕ್ಷ್ಮಿಯ ಹಣ ತನ್ನ ಹಳೆಯ ದಾರಿಯನ್ನು ಬಿಡುತ್ತದೆ. ಮುಂದಿನ ತಿಂಗಳು ಹಾಗೆ ಹೆಬ್ಬೆಟ್ಟು ಕೊಟ್ಟ ಹೆಂಗಸು ಎಂದಿನಂತೆ ಊರಿನ ಬ್ಯಾಂಕ್ ಮಿತ್ರನ ಸಣ್ಣ ಯಂತ್ರದ ಮುಂದೆ ನಿಂತಾಗ ನಡೆಯುವ ಮಾತು ಈ ಕಡೆ ಯಾರಿಗೂ ಅಪರಿಚಿತವಲ್ಲ:

‘ಬಂದಿಲ್ಲ ಕನವ್ವ. ಬೇರೆ ಬ್ಯಾಂಕ್ಗೆ ಹೋಗ್ಬುಟ್ಟದೆ.’

‘ನಾನು ಯಾವ ಬ್ಯಾಂಕ್ಗೂ ಬರ್ಕೊಟ್ಟಿಲ್ವಲ್ಲಪ್ಪ.’

‘ಸಂತೇಲಿ ಬೆಟ್ಟು ಒತ್ತಿದ್ರಲ್ಲವ್ವ, ಅಲ್ಗೆ.’

ಇನ್ನೂರು ರೂಪಾಯಿಯ ಕೊಡುಗೆಗಾಗಿ ತಿಂಗಳು ತಿಂಗಳಿನ 2,000 ರೂಪಾಯಿ ಕಾಣದ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲು ಹಳೆಯ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯನ್ನು ಮತ್ತೆ ಮಾಡಿಸಬೇಕು. ಹುಣಸೂರು ಕಡೆಯ ನಾಗಪುರದ ಆದಿವಾಸಿ ಪುನರ್ವಸತಿ ಹಾಡಿಗಳಲ್ಲಿ, ಓದುಬರೆಹ ಬಾರದ ಹಿರಿಯರ ನಡುವೆ, ಇಂಥ ಹೆಬ್ಬೆಟ್ಟಿನ ಒಂದು ಗುರುತಿಗೆ ಇರುವ ಬೆಲೆಯನ್ನು ಖಾತೆ ಮಾಡಿಸಲು ಬರುವ ತರುಣರು ತಿಳಿದಿರಬೇಕು.

ಹಾಗಾದರೆ ಎಲ್ಲ ಕೊಡುಗೆಗಳನ್ನೂ ತಿರಸ್ಕರಿಸಬೇಕೆ? ಖಂಡಿತವಾಗಿಯೂ ಅಲ್ಲ. ಕೆಲವು ಕಟ್ಟಳೆಗಳು ಅತ್ಯಲ್ಪ, ಅವುಗಳ ಫಲ ಅತಿ ದೊಡ್ಡದು. ಜನ ಬಿಟ್ಟುಬಿಡುವುದು ಪ್ರಾಯಶಃ ಇವುಗಳನ್ನೇ ಎಂಬುದು ನನಗೆ ವ್ಯಥೆಯನ್ನುಂಟುಮಾಡುವ ವಿಷಯ.

2014ರ ಆಗಸ್ಟ್ 28ರಂದು ಆರಂಭವಾದ ಜನಧನ ಖಾತೆಯ ರುಪೇ ಕಾರ್ಡಿನ ಒಳಗೆ ಒಂದು ಅಪಘಾತ ವಿಮೆಯಿದೆ. ಮೊದಲು ತೆರೆದ ಖಾತೆಗಳಿಗೆ 1 ಲಕ್ಷ, 2018ರ ಆಗಸ್ಟ್ 28ರ ನಂತರ ತೆರೆದವುಗಳಿಗೆ 2 ಲಕ್ಷ ರೂಪಾಯಿ. ಇದಕ್ಕೆ ಖಾತೆದಾರನು ಕಂತು ಕಟ್ಟಬೇಕಾದುದಿಲ್ಲ. ಕಟ್ಟಳೆ ಒಂದೇ: ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡು ಬಳಕೆಯಾಗಿರಬೇಕು. ಆದಿಯಲ್ಲಿ ಇದು 45 ದಿನವಿದ್ದು, ಬಳಿಕ 90ಕ್ಕೆ ಏರಿತು. ಇದೂ ಗ್ರಾಹಕನ ಹಿತದ ಕಡೆಗಿನ ಬದಲಾವಣೆಯೇ. ಆದರೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಪದ್ಧತಿ ಹಬ್ಬಿದ ಮೇಲೆ ಹಳ್ಳಿಯ ಮನೆಗಳಲ್ಲಿ ಕಾರ್ಡು ಟ್ರಂಕಿನ ತಳದಲ್ಲಿ, ಬಂದ ಲಕೋಟೆಯಲ್ಲಿಯೇ ಉಳಿದಿದೆ. ಮೂರು ತಿಂಗಳಿಗೊಮ್ಮೆ ಅದನ್ನು ಹೊರತೆಗೆದು ಎಟಿಎಂನಲ್ಲಿ ನೂರು ರೂಪಾಯಿ ತೆಗೆದರೆ ವಿಮೆ ಜೀವಂತವಾಗಿರುತ್ತದೆ.

ಇದರ ಜೊತೆಗೆ 2015ರ ಮೇ ತಿಂಗಳಿನಲ್ಲಿ ಬಂದ ಸುರಕ್ಷಾ ಬಿಮಾ ಯೋಜನೆಯನ್ನು ಎಣಿಸಬೇಕು. ವರ್ಷಕ್ಕೆ 12 ರೂಪಾಯಿಯಿದ್ದ ಕಂತು 2022ರ ಜೂನ್ 1ರಿಂದ 20 ಆಯಿತು. ಅದೇ ದಿನ ಜೀವನ ಜ್ಯೋತಿ ಎಂಬ ಇನ್ನೊಂದು ವಿಮೆಯ ಕಂತು 330ರಿಂದ 436ಕ್ಕೆ ಏರಿತು. ಮೊದಲನೆಯದು ಅಪಘಾತದಲ್ಲಿ ಮಡಿದವರ ಮನೆಯವರಿಗೂ, ಎರಡನೆಯದು ಯಾವುದೇ ಕಾರಣದಿಂದ ಮಡಿದವರ ಮನೆಯವರಿಗೂ ತಲಾ 2 ಲಕ್ಷ ಕೊಡತಕ್ಕವು. ಹಾವು ಕಚ್ಚಿದುದೂ ಮರದಿಂದ ಬಿದ್ದುದೂ ಅಪಘಾತದಲ್ಲಿ ಸೇರುತ್ತವೆ. ತತ್‌ಕ್ಷಣ ಆಸ್ಪತ್ರೆಗೆ ಒಯ್ದ ದಾಖಲೆಯಿದ್ದರೆ ಸಾಕು. ಹೊಗೆಸೊಪ್ಪಿನ ಸಾಲುಗಳಲ್ಲಿ ಬಗ್ಗಿ ಎಲೆ ಮುರಿಯುವವರಿಗೆ, ತೆಂಗಿನ ಮರ ಏರುವವರಿಗೆ ಇದು ಎಷ್ಟು ಹತ್ತಿರದ ಮಾತು! ಆದರೆ ಈ ವಿಮೆಗಳ ವರ್ಷ ಜೂನ್ 1ರಿಂದ ಮೇ 31ರವರೆಗೆ. ಕಂತು ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ತಿಂಗಳ ಕೊನೆಯಲ್ಲಿ. ಈ ಸೀಮೆಯಲ್ಲಿ ಮೇ ತಿಂಗಳೆಂದರೆ ಏನು? ಹರಾಜಿನ ಹಣವು ಮದುವೆ, ಮನೆ, ಕೈಸಾಲಗಳಿಗೆ ಸಂದುಹೋಗಿ, ಸಸಿ ನಾಟಿ, ಗೊಬ್ಬರ, ಆಳುಗಳ ಕೂಲಿ, ಜೂನಿನ ಶಾಲೆಯ ಶುಲ್ಕ ಎಲ್ಲವೂ ಒಂದೇ ಸಲಕ್ಕೆ ಎರಗುವ, ವರ್ಷದಲ್ಲೆಲ್ಲಾ ಅತ್ಯಂತ ಬರಿಗೈಯ ಕಾಲ. ಖಾತೆಯಲ್ಲಿ 456 ರೂಪಾಯಿ ಇಲ್ಲದೆ ಕಡಿತ ತಪ್ಪುತ್ತದೆ, ವಿಮೆ ನಿಲ್ಲುತ್ತದೆ, ತಿಳಿಸಿದ ಎಸ್ಸೆಮ್ಮೆಸ್ಸು ಇಂಗ್ಲಿಷಿನಲ್ಲಿರುತ್ತದೆ. ಆದುದರಿಂದ ಫೆಬ್ರವರಿಯಲ್ಲಿ ಕೊನೆಯ ಬೇಲು ಮಾರಿದಾಗಲೇ ಈ 456 ರೂಪಾಯಿಯನ್ನು ಮುಟ್ಟದ ಹಣವೆಂದು ಖಾತೆಯಲ್ಲಿ ಉಳಿಸತಕ್ಕದ್ದು. ವರ್ಷವಿಡೀ ನಡೆಸಿಕೊಡಬೇಕಾದ ಉಳಿತಾಯ ಖಾತೆಯ ಕಟ್ಟಳೆಗಳಲ್ಲಿ ಇದಕ್ಕಿಂತ ಫಲಪ್ರದವಾದುದನ್ನು ನಾನು ಕಾಣೆ.

ಸಂಬಳದವರ ಖಾತೆಯಲ್ಲಿ ಕಟ್ಟಳೆಯು ತಾನಾಗಿಯೇ ನೆರವೇರುತ್ತದೆ. ಕೆಎಸ್‌ಆರ್‌ಟಿಸಿ ನೌಕರರಿಗೆ ಬ್ಯಾಂಕಿನ ಸಂಬಳದ ಖಾತೆಯ ಮೂಲಕ ದೊರೆಯುವ ದೊಡ್ಡ ಮೊತ್ತದ ಅಪಘಾತ ವಿಮೆಯನ್ನು ಇಲ್ಲಿ ನೆನೆಯಬಹುದು. ಸಂಬಳ ಆ ಖಾತೆಗೆ ಬರುತ್ತಿರುವುದೇ ಅದರ ಷರತ್ತು. ಡಿಪೋದ ಚಾಲಕನಿಗೆ ಸಿಗುವ ಈ ಸೌಲಭ್ಯ ವರ್ಷಕ್ಕೆ ಲಕ್ಷಾಂತರ ರೂಪಾಯಿಯನ್ನು ಹರಾಜುಕಟ್ಟೆಯ ಮೂಲಕ ಅದೇ ಬ್ಯಾಂಕಿಗೆ ತರುವ ಬೆಳೆಗಾರನಿಗೆ ಏಕಿಲ್ಲವೆಂದು ಬೆಳೆಗಾರರ ಸಂಘಗಳು ಕೇಳಬೇಕಾದ ಕಾಲ ಬಂದಿದೆ.

ಎಲ್ಲಕ್ಕಿಂತಲೂ ದೊಡ್ಡ ಕೊಡುಗೆಯಾದರೋ ಸಾಲದ ಖಾತೆಯಲ್ಲಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ನಮ್ಮ ಜನ ‘ಸೊಸೈಟಿ’ ಎನ್ನುವಲ್ಲಿ, ಬೆಳೆಸಾಲವನ್ನು ವಾಯಿದೆಯೊಳಗೆ ತೀರಿಸಿದರೆ ಬಡ್ಡಿಯೇ ಇಲ್ಲ. ಇದರ ಮಿತಿ 3 ಲಕ್ಷವಿದ್ದುದು 2023ರ ಜುಲೈ ತಿಂಗಳ ಆಯವ್ಯಯದಲ್ಲಿ 5 ಲಕ್ಷವಾಯಿತು. ಬ್ಯಾಂಕುಗಳ ಕಿಸಾನ್ ಕಾರ್ಡಿನ ಸಾಲದಲ್ಲಿಯೂ 3 ಲಕ್ಷದವರೆಗೆ ಶೇಕಡಾ 7 ಬಡ್ಡಿಯಲ್ಲಿ, ಸಕಾಲಕ್ಕೆ ತೀರಿಸಿದವರಿಗೆ ಶೇಕಡಾ 3 ಬಿಡುವುಂಟು. 2 ಲಕ್ಷದ ಸೊಸೈಟಿ ಸಾಲಕ್ಕೆ ಶೇಕಡಾ 7 ಎಂದು ಹಿಡಿದರೂ ವರ್ಷಕ್ಕೆ 14,000 ರೂಪಾಯಿ. ವಾಯಿದೆ ದಾಟಿತೋ, ಆ ರಿಯಾಯಿತಿ ಸಂಪೂರ್ಣವಾಗಿ ಹೋಗಿ ಅದಕ್ಕೂ ಹೆಚ್ಚಿನ ಬಡ್ಡಿ ಮೇಲೆ ಬೀಳುತ್ತದೆ. ಒಂದು ತಾರೀಖಿನ ಬೆಲೆ 14,000 ರೂಪಾಯಿ! ಹರಾಜು ತಡವಾಗಿ ಆರಂಭವಾದ ವರ್ಷ, ಅಥವಾ ಅತಿವೃಷ್ಟಿಯಿಂದ ಎಲೆ ಕೊಳೆತ ವರ್ಷ, ಹತ್ತು ದಿನಕ್ಕೆಂದು ಕೈಸಾಲ ತಂದಾದರೂ ಈ ವಾಯಿದೆಯನ್ನು ಉಳಿಸಿಕೊಳ್ಳುವ ರೈತರು ಈ ಲೆಕ್ಕವನ್ನು ಯಾವ ಬ್ಯಾಂಕರನಿಗಿಂತಲೂ ಚೆನ್ನಾಗಿ ಬಲ್ಲರು. ಸಾಲಮನ್ನಾದ ನಿರೀಕ್ಷೆಯಲ್ಲಿ ವಾಯಿದೆಯನ್ನು ದಾಟಿಸುವವರ ಲೆಕ್ಕ ಬೇರೆ. 2018ರ ಮನ್ನಾ ಕಂಡವರಿಗೆ ಆ ಆಸೆ ಅಸಹಜವೇನೂ ಅಲ್ಲ, ಆದರೆ ಮನ್ನಾದ ನಿಯಮಗಳೇ ಎಲ್ಲ ಕಟ್ಟಳೆಗಳಿಗಿಂತಲೂ ಅನಿಶ್ಚಿತವಾದವು.

ಉಳಿದ ಹಣವನ್ನು ಇಡುವುದೆಲ್ಲಿ ಎಂದರೆ, ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು ಮರೆಯಬಾರದು. 2011ರಿಂದಲೂ ಅದರ ದರ ಶೇಕಡಾ 4ರಲ್ಲಿಯೇ ನಿಂತಿದೆ. ಕನಿಷ್ಠ ಬಾಕಿ 500 ರೂಪಾಯಿ. ಬ್ಯಾಂಕುಗಳು ಬಿಟ್ಟ ಆ 10ನೆಯ ತಾರೀಖಿನ ಹಳೆಯ ನಿಯಮ ಅಲ್ಲಿ ಈಗಲೂ ಇರುವುದರಿಂದ, ಹಣವನ್ನು 10ರೊಳಗೆ ಕಟ್ಟಿ, ತಿಂಗಳು ಕಳೆದ ಮೇಲೆ ತೆಗೆಯುವುದು ಲೇಸು. ಹೆಚ್ಚಿನ ಬಡ್ಡಿಯ ಆಸೆಗೆ ಪಟ್ಟಣದ ಯಾವುದೋ ಸಹಕಾರಿ ಬ್ಯಾಂಕಿಗೆ ಹೋಗುವವರು, ಠೇವಣಿ ವಿಮೆಯು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ ಎಂಬುದನ್ನೂ, ಬ್ಯಾಂಕಲ್ಲದ ಸೌಹಾರ್ದ ಸಹಕಾರಿಗಳ, ಪತ್ತಿನ ಸಂಘಗಳ ಠೇವಣಿಗೆ ಆ ವಿಮೆಯೇ ಇಲ್ಲವೆಂಬುದನ್ನೂ ಮೊದಲು ಅರಿತಿರಬೇಕು.

ಕಟ್ಟಳೆಗಳು ಬದಲಾಗುವುದನ್ನು ತಡೆಯುವುದು ಸಾಧ್ಯವಿಲ್ಲದಿರಬಹುದು. ಬದಲಾಯಿಸುವ ಕ್ರಮಕ್ಕೆ ಮಾತ್ರ ನಿಯಮವಿದೆ, ಅದನ್ನು ಕೇಳುವ ಹಕ್ಕು ನಮಗಿದೆ. ಕನಿಷ್ಠ ಬಾಕಿ ಕುಸಿದಾಗ ಮೊದಲು ಗ್ರಾಹಕನಿಗೆ ತಿಳಿಸಿ, ತುಂಬಲು ಒಂದು ತಿಂಗಳಾದರೂ ಕಾಲಾವಕಾಶ ಕೊಟ್ಟು, ಕೊರತೆಯ ಪ್ರಮಾಣಕ್ಕೆ ತಕ್ಕಷ್ಟೇ ದಂಡ ಹಾಕತಕ್ಕದ್ದೆಂದೂ, ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗಿಳಿಯಕೂಡದೆಂದೂ ರಿಸರ್ವ್ ಬ್ಯಾಂಕು 2014ರ ನವೆಂಬರ್ ತಿಂಗಳಿನಲ್ಲಿಯೇ ವಿಧಿಸಿದೆ. ಎರಡು ವರ್ಷ ವ್ಯವಹಾರವಿಲ್ಲದೆ ಸ್ತಬ್ಧವಾದ ಖಾತೆಗೆ 2024ರ ಏಪ್ರಿಲ್‌ನಿಂದ ಈ ದಂಡವನ್ನು ಹಾಕುವಂತೆಯೇ ಇಲ್ಲ. ಅರ್ಜಿ, ಚಲನ್, ಪಾಸ್‌ಪುಸ್ತಕಗಳು ಆಯಾ ಪ್ರಾಂತದ ಭಾಷೆಯಲ್ಲಿಯೂ ಇರತಕ್ಕದ್ದು, ಪಾಸ್‌ಪುಸ್ತಕದಲ್ಲಿ ಅರ್ಥವಾಗದ ಸಂಕೇತಗಳನ್ನು ಬರೆಯಕೂಡದು ಎಂಬ ಆದೇಶಗಳೂ ಇವೆ. ಹೀಗಿದ್ದೂ ‘ಎಂಎಬಿ ಸಿಎಚ್‌ಜಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟು, ‘ಇದೇನ್ ಸಾರ್ ಈ ನೂರಾ ಹದ್ನೆಂಟು?’ ಎಂದು ಕೌಂಟರಿನಲ್ಲಿ ಕೇಳುವವರಿದ್ದಾರೆ. ಅದು ಸರಾಸರಿ ಬಾಕಿಯ ದಂಡ 100 ರೂಪಾಯಿ, ಅದರ ಮೇಲೆ ಜಿಎಸ್‌ಟಿ 18. ಕಟ್ಟಳೆ ಬದಲಾದಾಗ ಅದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಹರಾಜುಕಟ್ಟೆಯ ಗೋಡೆಗೆ, ಸೊಸೈಟಿಯ ಬಾಗಿಲಿಗೆ, ಹಾಲಿನ ಡೇರಿಗೆ ಅಂಟಿಸುವುದು ಬ್ಯಾಂಕಿನ ಶಾಖೆಗೆ ಅರ್ಧ ದಿನದ ಕೆಲಸ. ಗ್ರಾಹಕನಿಗೆ ತಿಳಿಸದೆ ದಂಡ ಹಾಕಿದ ಶಾಖೆಗೆ ಮೊದಲು ಬರೆಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು; 30 ದಿನಗಳಲ್ಲಿ ಸಮಾಧಾನ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಒಯ್ಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೂ ಉತ್ತರ ಸಿಗುತ್ತದೆ. ದಂಡ ಬಿದ್ದ ಪುಟದ ನಕಲು ಮತ್ತು ಆ ಸ್ವೀಕೃತಿ, ಇವೆರಡು ಕೈಯಲ್ಲಿರಲಿ.